ಮೀರಾಬಾಯಿಯ ಖೋಲಿ

ಸೆಪ್ಟೆಂಬರ್ 29, ಸೋಮವಾರ

ಮಾರ್ನಿಂಗ್ ಡ್ಯೂಟಿ. ಮೂರಕ್ಕೆ ಮನೆ. ಮಳೆ ನಿಂತರೂ ಯೂನಿಫಾರ್ಮ್ ಒಣಗಿಲ್ಲ, ಇಸ್ತ್ರಿ ಹಾಕಿಯೇ ಒಣಗಿಸಬೇಕು. ಮೀರಾಬಾಯಿ ಪುಂಡಿಪಲ್ಯ, ರೊಟ್ಟಿ ಮುಚ್ಚಿಟ್ಟು ತರಕಾರಿಗೆ ಹೋಗಿದ್ದಳು. ಉಂಡು ಕಾಲು ಚಾಚೋಣ ಅನ್ನುವಷ್ಟರಲ್ಲಿ ಬಾಗಿಲಲ್ಲಿ ಜಾತಿ ಗಣತಿಯ ಸರ್ವೇ ಟೀಚರ್. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಮೊಬೈಲು. ಬೀದರಿನ ನಮ್ಮ ಮಂಗಲಪೇಟೆಯ ಓಣಿ ಓಣಿ ತಿರುಗಿ ಮುಖ ಬಾಡಿತ್ತು. ನೀರು ಕೊಟ್ಟೆ.

ಮನೆಯಲ್ಲಿ ಎಷ್ಟು ಜನ? ಮೂವರು ಎಂದೆ. ನಾನು, ಗಂಡ ಜೀವನ್, ಮತ್ತೆ ಹನ್ನೆರಡು ವರ್ಷದಿಂದ ನಮ್ಮಲ್ಲೇ ಇದ್ದು ಮನೆ ನೋಡಿಕೊಳ್ಳುವ ಮೀರಾಬಾಯಿ. ಕೋಣೆ ಎಷ್ಟು? ಹೇಳಿದೆ. ಎಲ್ಲ ಮುಗಿಸಿ ಏಳುವಾಗ ಮಾತಿಗೆಂಬಂತೆ ಕೇಳಿದರು.

"ಆ ಮೀರಾಬಾಯೋರು ಎಲ್ಲಿ ಮಲಗ್ತಾರ್ರಿ?"

"ಅಲ್ಲೇ… ಅಡಗಿ ಮನಿ ಬಾಜೂಕ. ಸ್ಟೋರ್‌ನಾಗ."

ಏನೂ ಬರೆದುಕೊಳ್ಳಲಿಲ್ಲ. ಅದಕ್ಕೆ ಕಾಲಂ ಇರಲಿಲ್ಲವೇನೋ. ಅವರು ಹೋದ ಮೇಲೆ ನನಗೆ ನಿದ್ದೆ ಬರಲಿಲ್ಲ. ಸ್ಟೋರ್‌ಗೆ ಹೋದೆ. ದಿನಕ್ಕೆ ಹತ್ತು ಸಲ ಹೋಗುವ ಜಾಗ. ಎರಡು ಸಿಲಿಂಡರ್, ಜೋಳದ ಚೀಲ, ಇನ್ವರ್ಟರ್ ಬ್ಯಾಟರಿ, ಕಸಬರಿಗೆ. ಮೂಲೆಯಲ್ಲಿ ಸುತ್ತಿಟ್ಟ ಗಾದಿ.

ಗಾದಿ ಬಿಡಿಸಿ ಮಲಗಿದೆ. ಐವತ್ತಾರರ ಹೆಂಗಸು, ಹಾಡುಹಗಲೇ, ಸ್ಟೋರ್‌ನಲ್ಲಿ. ಕಾಲು ಚಾಚಿದರೆ ಚೀಲ. ಮಗ್ಗುಲಾದರೆ ಮೂಗಿಗೆ ಬ್ಯಾಟರಿ ವಾಸನೆ. ಕಿಟಕಿ ಇಲ್ಲ. ನನ್ನ ವಾರ್ಡಿನಲ್ಲಿ ಯಾರಾದರೂ ಪೇಶಂಟ್‌ಗೆ ಇಂಥ ಜಾಗ ಕೊಟ್ಟಿದ್ದರೆ ಸ್ಟಾಫ್‌ನ ಚರ್ಮ ಸುಲಿಯುತ್ತಿದ್ದೆ.

ಗೇಟಿನ ಸದ್ದಾಯಿತು. ಗಾದಿ ಸುತ್ತಿ ಇಟ್ಟೆ. ಕಳ್ಳಿಯ ಹಾಗೆ.

ಸೆಪ್ಟೆಂಬರ್ 30

ಜೀವನ್‌ಗೆ ಹೇಳಿದೆ. ಮನೆ ಪಕ್ಕದ ಶೆಡ್ ಮೀರಾಬಾಯಿಗೆ ಕೊಟ್ಟರೆ ಒಳ್ಳೆಯ ರೂಮ್ ಆಗುತ್ತದೆ, ಬಾತ್‌ರೂಮ್ ಸಮೇತ. ಮುಖ ಸಣ್ಣದಾಯಿತು. ಆ ಶೆಡ್ ಅವರ ಪ್ರಾಣ. ಭಾಲ್ಕಿ ಹೈಸ್ಕೂಲಿನ ಗಣಿತದ ಮೇಷ್ಟ್ರು ಇಪ್ಪತ್ತು ವರ್ಷ ಅಲ್ಲಿ ಕೂತು ಕಟ್ಟಿಗೆಯಲ್ಲಿ ಕೊರೆದ ಶಂಕು, ಗೋಲ, ಹನ್ನೆರಡು ಮುಖದ ಏನೋ ಒಂದು…

"ನೋಡೋಣ ಇವಾ" ಅಂದು ಟ್ರೇನಿಗೆ ಓಡಿದರು. ಇವಾಂಜಲಿನ ಅನ್ನುವ ನನ್ನ ಉದ್ದ ಹೆಸರು ಇವರ ಬಾಯಲ್ಲಿ ಇವಾ.

ಅಕ್ಟೋಬರ್ 2, ಗುರುವಾರ. ರಜೆ

ಬೆಳಿಗ್ಗೆ ಎದ್ದರೆ ಜೀವನ್ ಡೈನಿಂಗ್ ಟೇಬಲ್ ಮೇಲೆ ಗ್ರಾಫ್ ಶೀಟ್ ಹರಡಿ ಕೂತಿದ್ದಾರೆ. ಉದ್ದ ಹದಿನಾಲ್ಕು ಅಡಿ, ಅಗಲ ಹನ್ನೊಂದು. ಮಂಚ ಇಲ್ಲಿ, ಅಲಮಾರಿ ಇಲ್ಲಿ, ಇಲ್ಲೊಂದು ಸಣ್ಣ ಅಡುಗೆ ಕಟ್ಟೆ.

"ನಿಮ್ಮ ಸಾಮಾನು?"

"ಸಾಲಿಗಿ ಒಯ್ತೇನಿ. ದಿನಾ ಒಂದೊಂದು."

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ಇವರನ್ನು ಅಪ್ಪಿಕೊಂಡು ಎಷ್ಟು ದಿನವಾಗಿತ್ತೋ. ಚಹಾ ಗ್ರಾಫ್ ಶೀಟಿನ ಮೇಲೆ ಚೆಲ್ಲಿತು. ಬಾತ್‌ರೂಮಿನ ಜಾಗದಲ್ಲೇ.

ಅಕ್ಟೋಬರ್ 5, ಭಾನುವಾರ

ಚರ್ಚ್‌ನಿಂದ ಬಂದು ಮೀರಾಬಾಯಿಗೆ ಹೇಳಿದೆ. ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಲಟ್ಟಣಿಗೆ ಕೆಳಗಿಟ್ಟಳು.

"ನಂದೇನು ತಪ್ಪಾಯ್ತ್ರಿ ಅಕ್ಕೋರ? ಹೊರಗ ಯಾಕ ಹಾಕ್ಲಾಕತ್ತೀರಿ?"

"ಹೊರಗಲ್ಲವಾ. ನಿನಗೊಂದು ಖೋಲಿ. ನಿಂದೇ."

"ಈಗ ಇದ್ದದ್ದಕ್ಕ ಏನಾಗ್ಯದರಿ? ಛಲೋ ಅದ."

ಛಲೋ ಇಲ್ಲ, ನಾನು ಮಲಗಿ ನೋಡಿದ್ದೇನೆ ಎಂದೆ. ಬಾಯಿ ತೆರೆದು ನನ್ನನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಯವ್ವಾ… ನೀವು? ಸ್ಟೋರ್‌ನಾಗ?" ರೊಟ್ಟಿ ಹೊತ್ತಿಹೋಯಿತು. ಇಬ್ಬರೂ ನಕ್ಕೆವು. ಆದರೆ ಹೂಂ ಅನ್ನಲಿಲ್ಲ.

ಅಕ್ಟೋಬರ್ 9

ಜೀವನ್ ಇವತ್ತು ದೊಡ್ಡ ಶಂಕುವನ್ನು ಟವೆಲ್ಲಿನಲ್ಲಿ ಸುತ್ತಿ ಟ್ರೇನಿನಲ್ಲಿ ಒಯ್ದರು. ಹಲಬರ್ಗಾದಲ್ಲಿ ಹತ್ತಿದ ಅಜ್ಜ ಒಬ್ಬ ಕೈ ಮುಗಿದು, ಯಾವ ಗುಡಿ ಕಳಸ ಅಂತ ಕೇಳಿದನಂತೆ. ಇವರು ಅರ್ಧ ದಾರಿ ಅದರ ಘನಫಲದ ಸೂತ್ರ ಹೇಳಿಕೊಟ್ಟರಂತೆ. ಅಜ್ಜ ಇಳಿಯುವಾಗ ಮತ್ತೆ ಕೈ ಮುಗಿದನಂತೆ, ಈ ಸಲ ಇವರಿಗೆ.

ಅಕ್ಟೋಬರ್ 12, ಭಾನುವಾರ

ಯುನುಸ ಮೇಸ್ತ್ರಿ ಬಂದ. ನಮ್ಮ ಮನೆಯ ಕಾಂಪೌಂಡ್ ಕಟ್ಟಿದವನು, ಈಗ ಗಡ್ಡ ಪೂರಾ ಬಿಳಿ. ಶೆಡ್ ಸುತ್ತ ಎರಡು ಸುತ್ತು ಬಂದು, "ಬಾಗಿಲು ಯಾಕಡಿ ಇಡ್ಲಿರಿ?" ಅಂದ.

ಅಡುಗೆಮನೆ ಕಡೆ, ಎಂದೆ ಥಟ್ಟನೆ. ಕರೆದರೆ ಬರಲು ಹತ್ತಿರ.

"ಇರೋರನ್ನ ಕೇಳ್ರಿ ಜರಾ" ಅಂದ ಯುನುಸ. "ಬಾಗಿಲು ತಪ್ಪಿದ್ರ ಆಮ್ಯಾಲ ನನಗ ಬೈತಾರ."

ಮೀರಾಬಾಯಿಯನ್ನು ಕರೆದೆವು. ನೀವು ಹೇಳಿದಂಗ, ನೀವು ಹೇಳಿದಂಗ… ನಾಲ್ಕು ಸಲ. ಯುನುಸ ಇಟ್ಟಿಗೆ ಮೇಲೆ ಕೂತುಬಿಟ್ಟ. "ಹೇಳೂತನಾ ಗೋಡಿ ಮುಟ್ಟಂಗಿಲ್ಲ ಬಾಯಿ."

ಕೊನೆಗೆ ನೆಲ ನೋಡುತ್ತ ಹೇಳಿದಳು.

"ಯಾಕಡಿ ಆದ್ರೂ ಇರ್ಲಿರಿ. ಒಳಗಿಂದ ಒಂದು ಚಿಲಕ ಇರ್ಲಿ."

ನಾನು ಸ್ಟೋರ್ ಬಾಗಿಲು ನೆನಪಿಸಿಕೊಂಡೆ. ಹೊರಗೆ ಕೊಂಡಿ ಇದೆ. ಒಳಗೆ ಏನೂ ಇಲ್ಲ.

ಎರಡು ಬಾಗಿಲು ಇಡು ಎಂದೆ ಯುನುಸನಿಗೆ. ಒಂದು ಅಡುಗೆಮನೆಗೆ, ಒಂದು ಓಣಿಗೆ. ಎರಡಕ್ಕೂ ಒಳಗಿಂದ ಚಿಲಕ. ಕಿಟಕಿ ಓಣಿಯ ಕಡೆ, ದೊಡ್ಡದು.

ಅಕ್ಟೋಬರ್ 26

ಹದಿನೈದು ದಿನ ಬರೆದಿಲ್ಲ. ಮನೆ ತುಂಬ ಧೂಳು. ದೀಪಾವಳಿಗೆ ಮೀರಾಬಾಯಿ ಔರಾದ್ ಕಡೆಯ ತನ್ನ ಊರಿಗೆ ಹೋಗಿದ್ದಳು. ಅಕ್ಕ ಸುಭದ್ರಾಬಾಯಿ ಅಲ್ಲಿದ್ದಾಳೆ. ಮೀರಾಬಾಯಿಯ ಮಗಳು ಸಪನಾ ಬೆಳೆದದ್ದು ಆ ದೊಡ್ಡಮ್ಮನ ಹತ್ತಿರವೇ. ಗಂಡ ಸತ್ತಾಗ ಕೂಸಿಗೆ ಏಳು ವರ್ಷ. ಅದನ್ನು ಅಲ್ಲಿ ಬಿಟ್ಟು ಇವಳು ಇಲ್ಲಿ ಬಂದಳು.

ಅವಳಿಲ್ಲದಾಗ ಸಾಮಾನು ಜರುಗಿಸಲು ಹೋಗಿ ಸಿಲಿಂಡರ್ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿ ಕಂಡೆ. ಮುಚ್ಚಳ ಸಡಿಲ. ವಿಭೂತಿ ಗಟ್ಟಿ, ಒಂದು ಹರಿವಾಣ, ಅಂಗೈ ಅಗಲದ ಬಸವಣ್ಣನ ಫೋಟೋ. ಇದ್ದಲ್ಲೇ ಇಟ್ಟೆ.

ಇವತ್ತು ಕೇಳಿದೆ. ಪೂಜೆ ಯಾವಾಗ ಮಾಡ್ತೀ?

"ನೀವು ಏಳೂಕಿಂತ ಮೊದಲರಿ. ಸಿಲಿಂಡರ್ ಬಾಜೂಕ ನಿಂತು."

"ನಿಂತು ಯಾಕ?"

"ಕೂಡ್ಲಾಕ ಜಾಗ ಎಲ್ಲದರಿ. ಮತ್ತ… ನಿಮ್ಮದು ಯೇಸುಸ್ವಾಮಿ ಮನಿ. ನೀವು ಏನಂತೀರೋ ಅಂತ."

ಹನ್ನೆರಡು ವರ್ಷ. ನಮ್ಮ ಪ್ರತಿ ಕ್ರಿಸ್‌ಮಸ್‌ಗೆ ಇವಳು ಸ್ಟಾರ್ ಕಟ್ಟಿದ್ದಾಳೆ. ಸಂಜೆ ಪ್ರಾರ್ಥನೆಗೆ ಬಾಗಿಲಲ್ಲಿ ನಿಂತಿದ್ದಾಳೆ. ಅವಳ ಲಿಂಗ ಅವಳ ಕೊರಳಲ್ಲೇ ಇತ್ತು, ನನಗೆ ಕಾಣುತ್ತಲೂ ಇತ್ತು. ಕೇಳಿರಲಿಲ್ಲ.

ಯುನುಸನಿಗೆ ಹೇಳಿದೆ, ಪೂರ್ವದ ಗೋಡೆಯಲ್ಲಿ ಒಂದು ಗೂಡು ಬಿಡು, ಅದರ ಮುಂದೆ ಮಣೆ ಹಾಕಿ ಕೂಡುವಷ್ಟು ಜಾಗ. ಯಾಕೆಂದು ಹೇಳಿದ ಮೇಲೆ ಅವನು ಗೂಡಿಗೆ ಕಮಾನು ಕೊರೆದ. ನಾನು ಕೇಳಿರಲಿಲ್ಲ. ಬೀದರಿನ ಕೈ ಅದು, ಕಮಾನಿಲ್ಲದೆ ಸುಮ್ಮನಾಗುವುದಿಲ್ಲ.

ನವೆಂಬರ್ 9, ಭಾನುವಾರ

ಇವತ್ತು ನಾಚಿಕೆ.

ಎಲೆಕ್ಟ್ರಿಷಿಯನ್ ಬಂದಿದ್ದ. ಫ್ಯಾನ್, ಎರಡು ಲೈಟ್, ಟಿವಿ ಪಾಯಿಂಟ್. ಮತ್ತೆ ಒಂದು ಬೆಲ್ ಅಂತ ಹೇಳಿದೆ. ಸ್ವಿಚ್ ನಮ್ಮ ಬೆಡ್‌ರೂಮಿನಲ್ಲಿ, ಸದ್ದು ಅವಳ ಮಂಚದ ಮೇಲೆ. ವಾರ್ಡಿನಲ್ಲಿ ಇರುತ್ತದಲ್ಲ, ಹಾಗೆ.

ಮೀರಾಬಾಯಿ ಬೆಲ್ಲನ್ನು ನೋಡಿದಳು. ಚಹಾ ಕಪ್ಪು ಎತ್ತಿಕೊಂಡು ಹೋದಳು. ಸಂಜೆವರೆಗೂ ಖೋಲಿ ಕಡೆ ಸುಳಿಯಲಿಲ್ಲ.

ಜೀವನ್ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದರು. "ಆ ಬೆಲ್ ಯಾರಿಗಿ ಆರಾಮ ಆಗ್ಲಿ ಅಂತ ಇವಾ?"

ಸಿಟ್ಟು ಬಂತು. ನಿಮಗೆ ಬಿಪಿ ಏರಿದರೆ ಯಾರು ಬರಬೇಕು ಎಂದೆ. "ನೀನೇ ನರ್ಸ್ ಇದ್ದೀಯಲ್ಲ" ಅಂದರು. ತಟ್ಟೆ ಬಿಟ್ಟೆದ್ದು ಹೋದೆ. ಹಸಿವಾಗಿ ವಾಪಸ್ ಬಂದೆ.

ನವೆಂಬರ್ 10

ಸ್ವಿಚ್ ಕೀಳಿಸಿ ಓಣಿಯ ಬಾಗಿಲ ಹೊರಗೆ ಹಾಕಿಸಿದೆ. ಅವಳನ್ನು ನೋಡಲು ಬಂದವರು ಒತ್ತಲಿ.

ಮೀರಾಬಾಯಿ ತಾನೇ ಹೊರಗೆ ಹೋಗಿ ಒತ್ತಿದಳು. ಒಳಗೆ ಓಡಿ ಬಂದಳು, ಸದ್ದು ಕೇಳಲು. ಅಷ್ಟರಲ್ಲಿ ನಿಂತಿತ್ತು. ನಾನು ಹೊರಗೆ ನಿಂತು ಒತ್ತಿದೆ. ಒಳಗಿಂದ ನಗು. ಏಳೆಂಟು ಸಲ ಒತ್ತಿದೆನೇನೋ. ಯುನುಸ ತಲೆ ಚಚ್ಚಿಕೊಂಡ.

ನವೆಂಬರ್ 23, ಭಾನುವಾರ

ಅಡುಗೆ ಕಟ್ಟೆಯ ಎತ್ತರ ಎಷ್ಟು? ಜೀವನ್ ಟೇಪ್ ಹಿಡಿದು ಬಂದರು, ಮೀರಾಬಾಯಿ ನಾಚಿ ಗೋಡೆಗೆ ಆತುಕೊಂಡಳು. ನೆಲದಿಂದ ಮೊಣಕೈವರೆಗೆ ನಾನೇ ಅಳೆದೆ. ನಮ್ಮ ಮನೆಯ ಕಟ್ಟೆ ಅವಳಿಗೆ ಐದು ಇಂಚು ಎತ್ತರವಂತೆ. ಅದಕ್ಕೇ ಅವಳು ರೊಟ್ಟಿ ಬಡಿಯುವಾಗ ಕಾಲ ಕೆಳಗೆ ಹಲಗೆ ಹಾಕಿಕೊಳ್ಳುತ್ತಾಳೆ. ನಾನು ಚಳಿಗೆ ಹಾಕಿಕೊಳ್ಳುತ್ತಾಳೆ ಅಂದುಕೊಂಡಿದ್ದೆ!

ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಸ್ಟೀಲ್ ರಾಡ್, ಜಾರದ ಟೈಲ್ಸ್, ಬಿಸಿನೀರಿಗೆ ಗೀಜರ್. ಮೀರಾಬಾಯಿ ರಾಡ್ ಹಿಡಿದು ನೋಡಿ, "ಅಕ್ಕೋರ, ಇದು ನಿಮ್ಮ ವಾರ್ಡ್ ಆಯ್ತಲ್ರಿ. ನನಗ ಸುಯಿ ಚುಚ್ಚಬ್ಯಾಡ್ರಿ ಮತ್ತ" ಅಂದಳು.

ಗೋಡೆಗೆ ತಿಳಿ ಕೆನೆ ಬಣ್ಣ ನನ್ನ ಆಯ್ಕೆ. ಅವಳಿಗೆ ಗುಲಾಬಿ ಬೇಕು. ಕಡು ಗುಲಾಬಿ, ಲಗ್ನದ ಮಂಟಪದ ಹಾಗೆ. ಕಣ್ಣು ಮುಚ್ಚಿಕೊಂಡು ಹೂಂ ಎಂದೆ. ಮೊದಲ ಸಲ ತನಗೆ ಏನು ಬೇಕು ಅಂತ ಕೇಳದೆಯೇ ಹೇಳಿದ್ದಾಳೆ. ಗುಲಾಬಿಯಾದರೇನು.

ಡಿಸೆಂಬರ್ 7, ಭಾನುವಾರ

ಖೋಲಿ ತಯಾರು. ಮಂಚ ಬಂತು, ಅಲಮಾರಿ ಬಂತು. ಕಿಟಕಿಗೆ ಹಸಿರು ಪರದೆ. ಯುನುಸ ಕೈ ಒರೆಸಿಕೊಂಡು, "ಮುಬಾರಕ್ ಬಾಯಿ" ಅಂದ.

ಸಂಜೆ ನೋಡಿದರೆ ಮೀರಾಬಾಯಿ ಸ್ಟೋರ್‌ನಲ್ಲಿ ಗಾದಿ ಬಿಡಿಸುತ್ತಿದ್ದಾಳೆ.

"ಪೇಂಟ್ ವಾಸನಿ ಅದರಿ. ಎರಡು ದಿನ ಹೋಗ್ಲಿ."

ಡಿಸೆಂಬರ್ 13

ಪೇಂಟ್ ವಾಸನೆ ಹೋಗಿ ನಾಲ್ಕು ದಿನವಾಯಿತು. ಆಮೇಲೆ ಮಂಗಳವಾರ ಬೇಡ ಅಂದಳು. ಆಮೇಲೆ ಗಾದಿ ಗಟ್ಟಿ ಅಂದಳು. ಇವತ್ತು ನನಗೆ ರೇಗಿತು.

"ಸುಮ್ಮ ಹೇಳವಾ. ಯಾಕ ಹೋಗವಲ್ಲಿ?"

ಕಣ್ಣಲ್ಲಿ ನೀರು. "ಸಪನಾ ಬಂದು ನೋಡ್ಲಿರಿ. ಅಕಿ ಮೊದಲ ಕಾಲಿಡ್ಲಿ, ಆಮ್ಯಾಲ ನಾ ಹೋಗ್ತೇನಿ. ಅಕಿ ಬರಲ್ಲ ಅಂತಾಳ."

ಯಾಕೆ ಬರುವುದಿಲ್ಲ ಅಂತ ಕೇಳಲಿಲ್ಲ. ಗೊತ್ತು. ಇಷ್ಟು ದಿನ ಇಲ್ಲಿ ಬರೆಯದೆ ಬಿಟ್ಟದ್ದು ಅದನ್ನೇ.

ಹತ್ತು ವರ್ಷದ ಹಿಂದೆ ಕ್ರಿಸ್‌ಮಸ್ ರಜೆಗೆ ಸಪನಾ ಬಂದಿದ್ದಳು. ಎಂಟೋ ಒಂಬತ್ತೋ ವರ್ಷ. ಹಳದಿ ಫ್ರಾಕ್. ಎರಡು ದಿನ ಇರಲಿ ಅಂತ ಮೀರಾಬಾಯಿ ಕೇಳಿದ್ದಳು. ಮನೆ ತುಂಬ ನೆಂಟರು, ನನಗೆ ತಲೆ ಕೆಟ್ಟಿತ್ತು. "ಸ್ಟೋರ್‌ನಾಗ ಇಬ್ಬರಿಗಿ ಜಾಗ ಸಾಲಂಗಿಲ್ಲ" ಎಂದೆ. ಮಗುವಿನ ಮುಂದೆಯೇ ಎಂದೆ. ಸಂಜೆಯ ಔರಾದ್ ಬಸ್ಸಿಗೆ ವಾಪಸ್ ಹೋಯಿತು. ಕೇಕ್ ಕಟ್ಟಿಕೊಟ್ಟೆ. ಕೇಕ್ ಕಟ್ಟಿಕೊಟ್ಟೆನಲ್ಲ ಅಂತ ಸಮಾಧಾನವನ್ನೂ ಮಾಡಿಕೊಂಡೆ.

ಅಂದಿನಿಂದ ಆ ಹುಡುಗಿ ಈ ಹೊಸ್ತಿಲು ತುಳಿದಿಲ್ಲ.

ಡಿಸೆಂಬರ್ 16

ಸುಭದ್ರಾಬಾಯಿಯ ಫೋನ್. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬರ್ರಿ, ಸರ್‌ನೂ ಕರ್ಕೊಂಡು. ಪ್ರತಿ ವರ್ಷ ಕರೆಯುತ್ತಾಳೆ. ಪ್ರತಿ ವರ್ಷ ಡ್ಯೂಟಿ ಅನ್ನುತ್ತೇನೆ. ಇವತ್ತು ಲೀವ್ ಬರೆದುಕೊಟ್ಟೆ.

ಡಿಸೆಂಬರ್ 19, ಶುಕ್ರವಾರ. ಸಂಜೆ

ಮೈಯೆಲ್ಲ ಹೊಲದ ಮಣ್ಣು. ಹೊಟ್ಟೆ ಬಿರಿಯುವಷ್ಟು ಉಂಡಿದ್ದೇನೆ. ಬರೆಯಬೇಕು, ಬರೆಯದೆ ಇರಲಾರೆ.

ಸಂತಪುರ ದಾಟಿದ ಮೇಲೆ ದಾರಿಯುದ್ದಕ್ಕೂ ಹೊಲ ಹೊಲದಲ್ಲಿ ಜನ. ಗಾಡಿ, ಟಂಟಂ, ಬೈಕು. ಜೋಳ ಎದೆಯೆತ್ತರ. ಸುಭದ್ರಾಬಾಯಿ ಜೋಳದ ಸೂಡು ನಿಲ್ಲಿಸಿ ಗೂಡು ಕಟ್ಟಿ ಪೂಜೆ ಮಾಡಿದ್ದಳು. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ. ಭಜ್ಜಿಯಲ್ಲಿ ಎಷ್ಟು ಬಗೆ ಕಾಳು, ಎಷ್ಟು ಬಗೆ ಸೊಪ್ಪು ಅಂತ ಜೀವನ್ ಎಣಿಸಲು ಹೋಗಿ ಸೋತರು. ನಾಲ್ಕು ಸಲ ಹಾಕಿಸಿಕೊಂಡರು.

ಸಪನಾ ಹತ್ತೊಂಬತ್ತರ ಹುಡುಗಿ. ಡಿಗ್ರಿ ಎರಡನೇ ವರ್ಷ. ತಾಯಿಯ ಗಿಡ್ಡ ಮೈ, ಆದರೆ ನೋಟ ನೆಟ್ಟಗೆ. ನನಗೆ ಅಂಬಲಿ ಕೊಟ್ಟಳು, ನಮಸ್ಕಾರ ಅಂದಳು, ಹೋದಳು. ಉಂಡ ಮೇಲೆ ನಾನೇ ಎದ್ದು ಹೋದೆ. ಕಡಲೆ ಸಾಲಿನಲ್ಲಿ ಕೂತು ಹಸಿ ಕಡಲೆ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತೆ, ಸೀರೆ ಮಣ್ಣಾದರೆ ಆಗಲಿ ಅಂತ.

"ಸಪನಾ, ಅವತ್ತು ನಿನ್ನ ಮುಂದ ನಾ ಹಂಗ ಅನಬಾರದಿತ್ತು. ಜಾಗ ಇತ್ತು. ನನ್ನ ಮನಸಿನ್ಯಾಗ ಇರಲಿಲ್ಲ."

ಅವಳು ಕಡಲೆ ಬಿಡಿಸುತ್ತಲೇ ಇದ್ದಳು.

"ನಿಮಗ ನೆನಪದ ಏನ್ರಿ?"

"ಅದ."

"ಮರ್ತೀರಿ ಅಂತ ನಾ ಅಂದ್ಕೊಂಡಿದ್ದೆ." ಒಂದು ಮುಷ್ಟಿ ಕಡಲೆ ನನ್ನ ಕೈಗೆ ಹಾಕಿದಳು. "ಆಯಿ ದಿನಾ ಫೋನ್‌ನಾಗ ಖೋಲಿ ಖೋಲಿ ಅಂತಾಳ. ಗುಲಾಬಿ ಅದ ಅಂತ. ಖರೇನಾ ಆಂಟಿ?"

"ಕಣ್ಣು ಕುಕ್ಕತದವಾ. ಬಂದು ನೋಡು."

"ನೋಡ್ತೇನ್ರಿ."

ಬರುತ್ತೇನೆ ಅನ್ನಲಿಲ್ಲ. ಆದರೆ ನಕ್ಕಳು.

ಡಿಸೆಂಬರ್ 25

ಕ್ರಿಸ್‌ಮಸ್. ಯಾರೂ ಬರಲಿಲ್ಲ. ಮೀರಾಬಾಯಿ ಇನ್ನೂ ಸ್ಟೋರ್‌ನಲ್ಲೇ. ಸ್ಟಾರ್ ಕಟ್ಟಿದಳು. ಒಂದು ನಮ್ಮ ಬಾಗಿಲಿಗೆ, ಒಂದು ತನ್ನ ಖಾಲಿ ಖೋಲಿಯ ಬಾಗಿಲಿಗೆ.

ಡಿಸೆಂಬರ್ 28, ಭಾನುವಾರ

ಹನ್ನೊಂದಕ್ಕೆ ಬೆಲ್. ನಮ್ಮದಲ್ಲ.

ಮೀರಾಬಾಯಿ ಕೈಯಲ್ಲಿದ್ದ ಸೌಟು ಬಿಟ್ಟು ಓಡಿದಳು. ನಾನು ಹಿಂದೆ. ಓಣಿಯಲ್ಲಿ ಸಪನಾ, ಹೆಗಲಿಗೆ ಬ್ಯಾಗು. ಸುಭದ್ರಾಬಾಯಿ ರೊಟ್ಟಿಯ ಗಂಟು ಹಿಡಿದು ಹಿಂದೆ ನಿಂತಿದ್ದಳು.

ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಇನ್‌ಸ್ಪೆಕ್ಟರ್ ಹಾಗೆ ಎಲ್ಲ ನೋಡಿದಳು. ನಲ್ಲಿ ತಿರುಗಿಸಿದಳು. ಮಂಚ ಅಲುಗಾಡಿಸಿದಳು. ಚಿಲಕ ಹಾಕಿ ತೆಗೆದಳು. ಗೂಡಿನ ಮುಂದೆ ನಿಂತು ಕಮಾನಿನ ಮೇಲೆ ಬೆರಳಾಡಿಸಿದಳು. ಜೀವನ್ ಅಂತೂ ಪರೀಕ್ಷೆ ಬರೆದ ಹುಡುಗನ ಹಾಗೆ ನಿಂತಿದ್ದರು.

"ಈ ಬಾಗಿಲ ಚಾವಿ ಎಷ್ಟು ಅದಾವ್ರಿ ಆಂಟಿ?"

"ಎರಡು."

"ಒಂದು ಆಯಿ ಬಲ್ಲಿ. ಇನ್ನೊಂದು?"

ನನ್ನ ಗೊಂಚಲಿನಲ್ಲಿತ್ತು. ಎಮರ್ಜೆನ್ಸಿಗೆ ಅಂತ ಇಟ್ಟುಕೊಂಡಿದ್ದೆ… ಮನೆ ನಮ್ಮದಲ್ಲವೇ ಅಂತಲೂ ಇಟ್ಟುಕೊಂಡಿದ್ದೆ, ಸುಳ್ಳೇಕೆ. ಹುಡುಗಿ ನನ್ನ ಸೊಂಟದ ಕಡೆ ನೋಡಿದಳು.

ಗೊಂಚಲಿನಿಂದ ಬಿಡಿಸಲು ಉಗುರು ಮುರಿಯಿತು. ಅವಳ ಕೈಗೆ ಕೊಟ್ಟೆ.

"ಇದು ನಿಂದು."

ಸಪನಾ ಮಂಚದ ಮೇಲೆ ಧೊಪ್ಪನೆ ಕೂತಳು. "ಆಯಿ, ಬಾ. ಇಬ್ಬರಿಗಿ ಸಾಕಾಗ್ತದ."

ಮೀರಾಬಾಯಿ ಹೊಸ್ತಿಲಲ್ಲಿ ನಿಂತು ಅತ್ತಳು. ಸುಭದ್ರಾಬಾಯಿ ಅತ್ತಳು. ನಾನು ಒಲೆಯ ಮೇಲಿನ ಬೇಳೆ ಅಂತ ಹೇಳಿ ಓಡಿದೆ. ಬೇಳೆ ಹೊತ್ತಿತ್ತು. ಅಲ್ಲೇ ನಿಂತು ಅತ್ತೆ.

ಡಿಸೆಂಬರ್ 31

ಸಪನಾ ಇನ್ನೂ ಇಲ್ಲೇ ಇದ್ದಾಳೆ. ಕಾಲೇಜು ಜನವರಿ ಐದಕ್ಕೆ ಶುರು. ಜೀವನ್ ಹತ್ತಿರ ಸ್ಟ್ಯಾಟಿಸ್ಟಿಕ್ಸ್ ಕಲಿಯುತ್ತಿದ್ದಾಳೆ. ಇವರ ಖುಷಿ ಹೇಳತೀರದು. ಬೆಳಿಗ್ಗೆ ಆರಕ್ಕೆ ಅತ್ತ ಕಡೆಯಿಂದ ಸಣ್ಣ ಗಂಟೆ ಕೇಳಿತು. ಮೀರಾಬಾಯಿ ಪೂಜೆ ಮಾಡುತ್ತಿದ್ದಳು. ನಾವು ಎದ್ದ ಮೇಲೆ, ಕೂತು.

ಜನವರಿ 4, ಭಾನುವಾರ. ಸಂಜೆ 6

ಭಾನುವಾರ ಮೀರಾಬಾಯಿಗೆ ಪೂರಾ ರಜೆ ಅಂತ ಹೊಸ ನಿಯಮ. ಜೀವನ್ ಉಪ್ಪಿಟ್ಟು ಮಾಡಿದರು. ಉಪ್ಪಿಲ್ಲ.

ಮಧ್ಯಾಹ್ನ ಜೀರಿಗೆ ಸಿಗಲಿಲ್ಲ. ಕೇಳಲು ಹೋದೆ. ಬಾಗಿಲಿಗೆ ಚಿಲಕ. ಬಡಿದೆ.

"ಯಾರ್ರಿ?" ಸಪನಾಳ ದನಿ.

ನನ್ನ ಮನೆಯಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. "ನಾನವಾ, ಇವಾಂಜಲಿನ." ಒಂದ್ ಮಿನಿಟ್ ರೀ, ಅಂದಳು. ನಿಂತೆ. ನಿಂತಿರುವುದು ಕೆಟ್ಟದೆನಿಸಲಿಲ್ಲ.

ಮೀರಾಬಾಯಿ ಮಂಚದ ಮೇಲೆ ಕೂತಿದ್ದಳು. ಕೂದಲು ಬಿಚ್ಚಿ, ಎಣ್ಣೆ ಹಚ್ಚಿ. ಮಗಳು ಬಾಚುತ್ತಿದ್ದಳು. ನನ್ನನ್ನು ಕಂಡು ಅಭ್ಯಾಸದಂತೆ ಏಳಹೋದಳು… ಏಳಲಿಲ್ಲ. ಮತ್ತೆ ಕೂತಳು.

"ಬರ್ರಿ ಅಕ್ಕೋರ. ಕೂಡ್ರಿ."

ಕುರ್ಚಿಯ ಮೇಲೆ ಕೂತೆ. ಜೀರಿಗೆ ಮರೆತೇಹೋಯಿತು. ಹೊರಡುವಾಗ ಸಪನಾ ಹೇಳಿದಳು, "ನಾಳಿ ನಾ ಹೋಗ್ತೇನ್ರಿ. ಇವತ್ತ ಸಂಜಿಕಿ ಊಟಕ್ಕ ಬರ್ರಿ, ಸರ್‌ನ ಕರ್ಕೊಂಡು." ಮೀರಾಬಾಯಿ ಸೇರಿಸಿದಳು, ತುಸು ನಾಚಿ, ತುಸು ಠೀವಿಯಿಂದ.

"ನಮ್ಮ ಮನಿಗಿ."

ಈಗ ಮನೆಯಲ್ಲಿ ಗಡಿಬಿಡಿ. ಜೀವನ್ ಇಸ್ತ್ರಿ ಮಾಡಿದ ಅಂಗಿ ಹಾಕಿ ಎರಡು ಸಲ ಕ್ರಾಪು ತಿದ್ದಿಕೊಂಡರು. ನಾನು ನೀಲಿ ಸೀರೆ. ಅಡುಗೆಮನೆ ಬಾಗಿಲಿಂದ ಹೋದರೆ ನಾಲ್ಕು ಹೆಜ್ಜೆ. ಆದರೆ ಕರೆದವರ ಮನೆಗೆ ಹಿತ್ತಲಿಂದ ಹೋಗುವುದೇ? ಗೇಟು ದಾಟಿ, ಓಣಿ ಸುತ್ತಿ, ಮುಂದಿನ ಬಾಗಿಲಿಗೇ ಹೋಗಬೇಕು. ಬರಿಗೈಯಲ್ಲಿ ಹೋಗುವ ಹಾಗೂ ಇಲ್ಲ. ಪೇಢಾ ಒಯ್ಯೋಣವೇ, ಹೂವು ಒಯ್ಯೋಣವೇ? ಜೀವನ್ ಪೇಢಾ ಅನ್ನುತ್ತಾರೆ. ನನಗೆ ಎರಡೂ ಇರಲಿ ಅನಿಸುತ್ತದೆ, ಮೊದಲ ಸಲ ಹೋಗುತ್ತಿರುವ ಮನೆ. ಅಗೋ, ಚಪ್ಪಲಿ ಮೆಟ್ಟಿ ಗೇಟಿನಲ್ಲಿ ನಿಂತು ಕೂಗುತ್ತಿದ್ದಾರೆ, ಇವಾ, ಜಲ್ದಿ ಬಾ, ಕರೆದವರನ್ನ ಕಾಯಿಸಬಾರದು ಅಂತ. ಇನ್ನು ಬಂದ ಮೇಲೆ ಬರೆ—